ಒಂಟೆ ಸೀದಾ ನಡೆದ ದಿನ

ಬೀದರಿನ ಚಿದ್ರಿಯಲ್ಲಿ ಫಕ್ರೋದ್ದೀನನಷ್ಟು ಚೆನ್ನಾಗಿ ಶತರಂಜ್, ಅಂದರೆ ಚದುರಂಗ, ಆಡುವವನು ಇನ್ನೊಬ್ಬನಿರಲಿಲ್ಲ. ಅವನ ಗೆಳೆಯ, ಕಿರಾಣಿ ಅಂಗಡಿಯ ಶಿವರಾಜಪ್ಪನಷ್ಟು ಕೆಟ್ಟದಾಗಿ ಆಡುವವನೂ ಇರಲಿಲ್ಲ. ವರ್ಷಗಟ್ಟಲೆ ಸೋತರೂ ಶಿವರಾಜಪ್ಪನಿಗೆ ಬೇಸರವೆಂಬುದಿಲ್ಲ. ಅವನು ಗೆಳೆಯನ ಮನೆಗೆ ಹೋಗುತ್ತಿದ್ದದ್ದೇ ಆಟಕ್ಕಿಂತ ಹೆಚ್ಚಾಗಿ ಹರಟೆಗೆ.

ಫಕ್ರೋದ್ದೀನ ಹಳೆಯ ಉರ್ದು ಅಖಬಾರುಗಳಲ್ಲಿ ದೊಡ್ಡ ದೊಡ್ಡ ಆಟಗಾರರ ಸುದ್ದಿ ಹುಡುಕಿ ಓದಿ ಹೇಳುತ್ತಿದ್ದ. ಯಾವನೋ ವಿಲಾಯತಿ ಉಸ್ತಾದ ಯೋಚನೆಯಲ್ಲಿ ಮುಳುಗಿ ಎದುರಾಳಿಯ ಚಹಾ ಕುಡಿದುಬಿಟ್ಟನಂತೆ. ಇನ್ನೊಬ್ಬ ಗೆದ್ದ ಖುಷಿಯಲ್ಲಿ ಬೇರೆಯವರ ಕೋಟು ಹಾಕಿಕೊಂಡು ಮನೆಗೆ ನಡೆದನಂತೆ. ಮತ್ತೊಬ್ಬ ಎಲ್ಲಕ್ಕಿಂತ ಬಲದ ಕಾಯಿಯಾದ ತನ್ನ ವಜೀರನನ್ನು ತಾನೇ ಹೊಡೆದು ಮೀಸೆ ತಿರುವಿದನಂತೆ. ಇಬ್ಬರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಫಕ್ರೋದ್ದೀನನ ಹುಚ್ಚೇನು ಕಡಿಮೆಯೇ? ಆನೆಯಿಂದ ಆಟ ಮುಗಿಯುವಂತಿದ್ದರೂ ಮುಗಿಸುತ್ತಿರಲಿಲ್ಲ. ಬಾದಶಹನನ್ನು ಬಡ ಕಾಲಾಳು ಪ್ಯಾದೆಯೇ ಹಿಡಿಯಬೇಕು, ಅದೇ ಇಜ್ಜತ್ತಿನ ಗೆಲುವು ಎಂದು ಕಾಯುತ್ತ ಕೂರುತ್ತಿದ್ದ.

ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಕಾರ್ಯಾಚರಣೆಯಾಯಿತು. ನಿಜಾಮರ ಆಳ್ವಿಕೆಯ ಜೊತೆಗೆ ಫಕ್ರೋದ್ದೀನನ ಕಚೇರಿಯ ನೌಕರಿಯೂ ಹೋಯಿತು. ಮನುಷ್ಯ ಬಾಗಿಲು ಹಾಕಿಕೊಂಡು ಒಳಗೆ ಕೂತವನು ಹೊರಗೆ ಬರಲೇ ಇಲ್ಲ. ಶಿವರಾಜಪ್ಪ ಹೋದಾಗಲೆಲ್ಲ ಹೆಂಡತಿ ಅಜೀಜಾ ಬೇಗಂ ಪರದೆಯ ಹಿಂದಿನಿಂದ, “ಯಾರ ಕೂಡಾನೂ ಮಾತಾಡವಲ್ಲರಿ, ಏನ ಮಾಡ್ಲಿರಿ?” ಎಂದು ಅಳುತ್ತಿದ್ದಳು. ಹೀಗೇ ಬಿಟ್ಟರೆ ಗೆಳೆಯ ಕೈತಪ್ಪಿ ಹೋಗುತ್ತಾನೆಂದು ಶಿವರಾಜಪ್ಪನಿಗೆ ಹೆದರಿಕೆ ಹತ್ತಿತು.

ಒಂದು ಬೆಳಿಗ್ಗೆ ಅವನು ಶತರಂಜಿನ ಹಾಸು, ಕಾಯಿ ಹಿಡಿದು ಬಂದು ಆ ಮನೆಯ ಕಟ್ಟೆಯ ಮೇಲೆ ಕೂತ. ಎರಡೂ ಕಡೆಯ ಆಟ ತಾನೇ ಆಡುತ್ತ, ಓಣಿಗೆಲ್ಲ ಕೇಳುವ ಹಾಗೆ ಕೂಗತೊಡಗಿದ.

“ನೋಡ್ರಿ, ಒಂಟಿ ಸೀದಾ ಹೊಂಟತು!”

ಒಳಗೆ ಯಾರೋ ಕೆಮ್ಮಿದರು.

“ಪ್ಯಾದೆ ಹಿಂದಕ್ಕ ಸರೀತು!”

ಬಾಗಿಲು ದಡಾರನೆ ತೆರೆಯಿತು. ಸೊರಗಿದ ಫಕ್ರೋದ್ದೀನ ಕಣ್ಣು ಕೆಂಪಗೆ ಮಾಡಿಕೊಂಡು ನಿಂತಿದ್ದ.

“ಓರೆ ನಡಿಯೋ ಒಂಟಿ ಸೀದಾ ಹೋಗ್ತದೇನಲೇ? ಪ್ಯಾದೆ ಹಿಂದ ಸರೀತದೇನು? ಸರಿ ಆ ಕಡಿ!”

ಕೂತೇಬಿಟ್ಟ. ಆಟ ಶುರುವಾಯಿತು. ಎಂದಿನಂತೆ ಶಿವರಾಜಪ್ಪನ ದಂಡು ಬೇಗನೆ ಕರಗಿತು. ಎಂದಿನಂತೆ ಫಕ್ರೋದ್ದೀನ ಆನೆಯನ್ನು ಬಿಟ್ಟು ಪ್ಯಾದೆಯನ್ನು ತಳ್ಳುತ್ತ ಬಂದ. ಆ ಗಡಿಬಿಡಿಯಲ್ಲಿ ತನ್ನ ವಜೀರನನ್ನು ಶಿವರಾಜಪ್ಪನ ಕುದುರೆಯ ಬಾಯಿಗೇ ಇಟ್ಟ.

ಶಿವರಾಜಪ್ಪ ಅದನ್ನು ಕಂಡ. ಇಂಥ ದಿನವೇ ಇವನು ಸೋಲಬೇಕೆ? ಕಾಣದವನ ಹಾಗೆ ಬೇರೆ ಕಾಯಿ ನಡೆಸಿದ.

ಫಕ್ರೋದ್ದೀನ ಹಾಸು ನೋಡಿದ, ಗೆಳೆಯನ ಮುಖ ನೋಡಿದ. “ಕಂಡೂ ಬಿಟ್ಟಿ, ಹೌದಿಲ್ಲೋ?”

ಶಿವರಾಜಪ್ಪ ಹೊಡೆಸಿಕೊಂಡ ಕಾಯಿಗಳನ್ನು ಸಾಲಾಗಿ ಜೋಡಿಸತೊಡಗಿದ.

“ಊರ ಮಂದಿಯೆಲ್ಲಾ ನನ್ನ ನೋಡಿ ಪಾಪ ಅಂತಾರ. ನೀನೂ ಅಂದ್ರ ನಾ ಯಾರ ಕೂಡ ಆಡ್ಲಿ, ಶಿವರಾಜ? ತಗಿ, ನಡೆ ತಿರುಗಿ ತಗಿ. ಹೊಡಿ!”

ಶಿವರಾಜಪ್ಪ ನಡೆ ಹಿಂತೆಗೆದು, ವಜೀರನನ್ನು ಹೊಡೆದ. ಆಮೇಲೆ ತಪ್ಪುತ್ತ ತಡವರಿಸುತ್ತ ಹೇಗೋ ಗೆದ್ದೂಬಿಟ್ಟ. ಜನ್ಮದಲ್ಲಿ ಮೊದಲ ಗೆಲುವು.

ಫಕ್ರೋದ್ದೀನ ಕಾಯಿಗಳನ್ನೆಲ್ಲ ಕಲಸಿಹಾಕಿ ಎದ್ದ. “ನಾಳಿಗಿ ಬಾ ನೀ. ಸೋಲಿಸಿ ಅಳಿಸಿ ಕಳಸ್ತೇನಿ.”

ನಾಳೆಯವರೆಗೂ ಕಾಯದೆ ಶಿವರಾಜಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟ.