ರಿಸೀವರ್ ಬೇಕೆಂದು ನಾನೇ ಹೇಳಿದೆ

ನನ್ನ ತೂಕವನ್ನು ಆಸೆಯಿಂದ ಕೇಳಿದವರು ಈವರೆಗೆ ಒಬ್ಬರೇ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ನಾನಿದ್ದ ಬಾಡಿಗೆ ಮನೆಯ ಹಿಂದೆ ಒಂದು ಮೈದಾನವಿತ್ತು. ಒಂದು ಸಂಜೆ ಅಲ್ಲಿ ಸುಮ್ಮನೆ ಸುತ್ತು ಹಾಕುತ್ತಿದ್ದೆ. ಹೆಂಡತಿ ನಮ್ಮ ಮಗಳನ್ನು ಕರೆದುಕೊಂಡು ಮೆಲ್ಬರ್ನ್‌ನ ಕ್ರೇಗಿಬರ್ನ್‌ಗೆ, ತನ್ನ ಅಕ್ಕನ ಮನೆಯ ಹತ್ತಿರಕ್ಕೆ ಹೋಗಿ ಆರು ತಿಂಗಳಾಗಿತ್ತು. ಕೂಗಾಡಿ ಹೋದದ್ದಲ್ಲ. ಇಬ್ಬರೂ ಊಟದ ಮೇಜಿನ ಎದುರು ಕೂತು ಕಾಗದಗಳಿಗೆ ಸಹಿ ಹಾಕಿ, ಒಂದೊಂದು ಲೋಟ ಕಾಫಿ ಕುಡಿದು ಬೇರೆಯಾದವರು. ನನ್ನದು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಅದೂ ಮನೆಯಿಂದಲೇ. ಕೆಲವು ದಿನ ಸಂಜೆಯಾದರೂ ಬಾಯಿಂದ ಒಂದು ಮಾತು ಹೊರಟಿರುತ್ತಿರಲಿಲ್ಲ. ಗಂಟಲು ಸರಿಯಾಗಿದೆಯೇ ಎಂದು ನೋಡಲು ಅಂಗಡಿಗೆ ಹೋಗಿ, ಕಣ್ಣೆದುರೇ ಇದ್ದ ಬ್ರೆಡ್ ಎಲ್ಲಿದೆ ಎಂದು ಕೇಳಿದ್ದೂ ಉಂಟು.

ಮೈದಾನದಲ್ಲಿ ಹೆಲ್ಮೆಟ್ ಹಾಕಿಕೊಂಡ ಹತ್ತಿಪ್ಪತ್ತು ಜನ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು. ಅಮೆರಿಕದವರು ಫುಟ್‌ಬಾಲ್ ಎನ್ನುವ, ಇಲ್ಲಿಯವರು ಗ್ರಿಡೈರನ್ ಎಂದು ಕರೆಯುವ ಆಟ. ನೋಡುತ್ತ ನಿಂತಿದ್ದ ನನ್ನ ಬಳಿಗೆ ಕೋಚ್ ಬಂದರು. ಬಿಳಿ ಗಡ್ಡದವರು, ಶಾಲೆಯೊಂದರಲ್ಲಿ ಮರಗೆಲಸ ಕಲಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ.

"ಎಷ್ಟು ಕೆಜಿ ಇದ್ದೀಯ?" ಅಂದರು.

"ನೂರ ಇಪ್ಪತ್ತೆಂಟು," ಅಂದೆ, ತಪ್ಪು ಒಪ್ಪಿಕೊಳ್ಳುವವನ ದನಿಯಲ್ಲಿ.

ಅವರ ಮುಖ ಅರಳಿತು. ಆಟದ ಕಡೆ ತಿರುಗಿ, "ನಮಗೊಬ್ಬ ಲೈನ್‌ಮನ್ ಸಿಕ್ಕಿದ!" ಎಂದು ಕೂಗಿದರು.

ಆಗ ನನಗೆ ಮೂವತ್ತೇಳು. ಮೈಸೂರಿನ ಶಾಲೆಯಲ್ಲಿ ಓಟದ ಪಂದ್ಯದ ದಿನ ಎಲ್ಲರ ಚಪ್ಪಲಿ ಕಾಯಲು ಕೂರಿಸುತ್ತಿದ್ದ ನನ್ನನ್ನು ಒಂದು ತಂಡ ಚಪ್ಪಾಳೆ ತಟ್ಟಿ ಬರಮಾಡಿಕೊಂಡಿತು.

ಈ ಆಟದಲ್ಲಿ ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ದೂರಕ್ಕೆ ಓಡಿ ಅದನ್ನು ಹಿಡಿಯುವವರು ರಿಸೀವರ್‌ಗಳು. ಎಸೆಯುವವನ ಮುಂದೆ ಸಾಲಾಗಿ ನಿಂತು, ಎದುರಾಳಿಗಳು ಅವನ ಮೇಲೆ ಬೀಳದಂತೆ ತಡೆಯುವ ಐದು ಜನ ದಡಿಯರು ಲೈನ್‌ಮನ್‌ಗಳು. ಎಸೆದ ಚೆಂಡನ್ನು ನಾವು ಹಿಡಿಯುವ ಹಾಗಿಲ್ಲ, ನಿಯಮವೇ ಹಾಗಿದೆ. ನನ್ನ ಜಾಗ ಸಾಲಿನ ಎಡತುದಿ. ನಮ್ಮ ಕ್ವಾರ್ಟರ್‌ಬ್ಯಾಕ್ ಬಲಗೈಯವನು. ಎಸೆಯಲು ನಿಂತಾಗ ಅವನ ಬೆನ್ನು ನನ್ನ ಕಡೆಗೆ ಇರುತ್ತಿತ್ತು. ಆ ಬದಿಯಿಂದ ಯಾರು ಬಂದರೂ ಅವನಿಗೆ ಕಾಣುತ್ತಿರಲಿಲ್ಲ. ಅವನು ಇಪ್ಪತ್ತಾರರ ಪ್ಲಂಬರ್, ಸದಾ ಶಿಳ್ಳೆ ಹಾಕುತ್ತಿದ್ದ. ಮೊದಲ ವಾರವೇ ನನ್ನ ಹತ್ತಿರ ಬಂದು, "ನಾನು ಹಿಂದೆ ತಿರುಗಿ ನೋಡಲ್ಲ. ಅದನ್ನ ನೀನು ನೋಡ್ಕೋತೀಯ ಅಂತ ಇಟ್ಕೊಂಡಿದ್ದೀನಿ," ಅಂದ. ಇಷ್ಟು ದೊಡ್ಡ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದು ಸ್ನಾನ ಮಾಡುವಾಗ ಅದನ್ನೇ ಮತ್ತೆ ಮತ್ತೆ ಅಂದುಕೊಂಡೆ.

ಮಗಳ ಜೊತೆ ಬುಧವಾರ ಮತ್ತು ಭಾನುವಾರ ವಿಡಿಯೋ ಕಾಲ್. ಅವಳಿಗೆ ಆಗ ಎಂಟು ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಎರಡನೆಯ ವರ್ಷ ಒಂದು ಪಂದ್ಯದ ವಿಡಿಯೋ ಕಳಿಸಿದೆ.

"ವಿಚ್ ಒನ್ ಈಸ್ ಯೂ, ಅಪ್ಪ?"

"ಎಡಗಡೆ ತುದೀಲಿ ನೋಡು ಪುಟ್ಟಾ. ಎಪ್ಪತ್ತೆರಡನೇ ನಂಬರ್."

ಬಹಳ ಹೊತ್ತು ಹುಡುಕಿದಳು. "ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಿದ್ದಾರೆ. ಐ ಕಾಂಟ್ ಫೈಂಡ್ ಯೂ," ಅಂದಳು. ಮೊದಲ ಅರ್ಧವನ್ನು ಅಪರೂಪಕ್ಕೆ ಕನ್ನಡದಲ್ಲೇ ಹೇಳಿದ್ದರಿಂದ ಖುಷಿಪಡಬೇಕಿತ್ತು. ಪಡಲಾಗಲಿಲ್ಲ.

ಆ ವರ್ಷದ ಕೊನೆಗೆ ನಮ್ಮ ಸಾಲಿನ ಇಬ್ಬರು ಬಿಟ್ಟರು. ಒಬ್ಬನ ಮಂಡಿ ಹೋಯಿತು, ಇನ್ನೊಬ್ಬ ಪರ್ತ್‌ಗೆ ಹೋದ. ಉಳಿದವರು ಸರಿಯಾಗಿ ಐದು ಜನ, ಬದಲಿಗೆ ಯಾರೂ ಇಲ್ಲ. ಅದೇ ಸಮಯಕ್ಕೆ ಹೊರದೇಶದಿಂದ ಒಬ್ಬ ಆಟಗಾರನನ್ನು ಕರೆಸುವ ಅವಕಾಶ ಬಂತು. ಕ್ಲಬ್ಬಿನವರೊಬ್ಬರ ಮನೆಯ ಹಿಂದೆ ಒಂದು ಕೋಣೆ ಖಾಲಿಯಿತ್ತು. ಅಲ್ಲಿ ಒಬ್ಬ ಇರಬಹುದಿತ್ತು, ಇಬ್ಬರಲ್ಲ. ಬರಲು ತಯಾರಿದ್ದವರು ಇಬ್ಬರು. ಒಬ್ಬ ಅಮೆರಿಕದ ರಿಸೀವರ್, ಗಾಳಿಯಲ್ಲಿ ಅಡ್ಡಡ್ಡ ಹಾರಿ ಒಂಟಿಕೈಯಲ್ಲಿ ಚೆಂಡು ಹಿಡಿಯುವ ವಿಡಿಯೋಗಳಿದ್ದವು ಅವನದು. ಇನ್ನೊಬ್ಬ ನಲವತ್ತರ ಹತ್ತಿರದ ಕೆನಡಾದ ಲೈನ್‌ಮನ್. ಅವನ ವಿಡಿಯೋದಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಅವನ ಎದುರು ಬಂದವರು ಅಲ್ಲೇ ನಿಂತುಬಿಡುತ್ತಿದ್ದರು, ಅಷ್ಟೆ.

ಮೈದಾನದ ಶೆಡ್‌ನಲ್ಲಿ ಎಲ್ಲರನ್ನೂ ಕೂರಿಸಿ ಕೋಚ್ ಕೇಳಿದರು. ನಮ್ಮ ಸಾಲಿನ ನಡುವೆ ನಿಲ್ಲುವ ಟ್ರಕ್ ಡ್ರೈವರ್ ಎದ್ದು ನಿಂತ. ಮಾತು ಕಡಿಮೆಯ ಮನುಷ್ಯ. "ಎಸೆಯೋಕೆ ಟೈಮೇ ಸಿಗದಿದ್ದರೆ ಎಂಥ ರಿಸೀವರ್ ಇದ್ದು ಏನು ಮಾಡ್ತೀರಿ? ನಮಗೆ ಆರನೆಯವನು ಬೇಕು," ಎಂದು ಹೇಳಿ ಕೂತ. ರಿಸೀವರ್ ಹುಡುಗರು ಒಪ್ಪಲಿಲ್ಲ. ಎರಡು ವರ್ಷದಿಂದ ಗೆಲ್ಲದೆ ಇರುವುದು ದೂರದ ಚೆಂಡು ಹಿಡಿಯುವವರಿಲ್ಲದೆ, ನೋಡಲು ಜನ ಬರದಿರುವುದೂ ಅದಕ್ಕೇ ಎಂದರು. ಕೈ ಎತ್ತಿಸಿದಾಗ ಎರಡೂ ಕಡೆ ಸಮ ಸಮ. ನಾನು ಇನ್ನೂ ಎತ್ತಿರಲಿಲ್ಲ.

ಕೋಚ್ ನನ್ನನ್ನು ನೋಡಿದರು. ಟ್ರಕ್ ಡ್ರೈವರ್ ನೋಡಲೇ ಇಲ್ಲ, ನಾನು ಲೈನ್‌ಮನ್ ಕಡೆಗೇ ಎಂಬ ಖಾತ್ರಿ ಅವನಿಗಿತ್ತು.

ಬರುವ ವರ್ಷ ಮೆಲ್ಬರ್ನ್‌ನಲ್ಲಿ ನಮಗೊಂದು ಪಂದ್ಯವಿತ್ತು. ಮಗಳನ್ನು ಕರೆಯಬೇಕೆಂದು ಆಗಲೇ ಲೆಕ್ಕ ಹಾಕಿದ್ದೆ. ನನ್ನನ್ನಂತೂ ಅವಳು ಆ ರಾಶಿಯಲ್ಲಿ ಹುಡುಕಲಾರಳು. ಕೊನೆಯ ಪಕ್ಷ ಒಂದು ಅದ್ಭುತವಾದ ಕ್ಯಾಚ್ ನೋಡಿ, ಇದು ನಮ್ಮಪ್ಪನ ಟೀಮು ಅಂದುಕೊಳ್ಳಲಿ. ತಂಡದ ಒಳಿತಿನ ಯೋಚನೆ ಆ ಗಳಿಗೆಯಲ್ಲಿ ನನಗೆ ಇರಲಿಲ್ಲ. ಇತ್ತು ಎಂದು ಬರೆದರೆ ಸುಳ್ಳಾಗುತ್ತದೆ.

"ರಿಸೀವರ್," ಅಂದೆ.

"ಲೈನ್‌ಮನ್ನೇ ಹೀಗಂದ ಮೇಲೆ ಮುಗೀತು," ಎಂದು ಕೋಚ್ ಬರೆದುಕೊಂಡರು. ಟ್ರಕ್ ಡ್ರೈವರ್ ತನ್ನ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತ. ಆವತ್ತಿನಿಂದ ಅಭ್ಯಾಸ ಮುಗಿದ ಮೇಲೆ ನನಗಾಗಿ ಕಾಯುವುದನ್ನು ನಿಲ್ಲಿಸಿದ. ಅದಕ್ಕೂ ಮೊದಲು ನಾವಿಬ್ಬರೂ ಕಾರಿನವರೆಗೆ ಮಾತಿಲ್ಲದೆ ಒಟ್ಟಿಗೆ ನಡೆಯುತ್ತಿದ್ದೆವು.

ರಿಸೀವರ್ ಬಂದ. ಒಳ್ಳೆಯ ಹುಡುಗ, ಎಲ್ಲರನ್ನೂ ಸರ್ ಎನ್ನುತ್ತಿದ್ದ. ಮೊದಲ ಎರಡು ಪಂದ್ಯ ಗೆದ್ದೆವು. ಯಾರೂ ನನ್ನನ್ನು ಕೇಳದಿದ್ದರೂ, ನಾನು ಹೇಳಿದ್ದು ಸರಿಯೇ ಆಯಿತು ಎಂದು ಮನಸ್ಸಿನಲ್ಲಿ ವಾದ ಮಾಡಿಕೊಂಡೆ. ಮೂರನೆಯದು ಮೆಲ್ಬರ್ನ್‌ನಲ್ಲಿ, ಡ್ಯಾಂಡಿನಾಂಗ್‌ನಿಂದ ಸ್ವಲ್ಪ ಆಚೆ. ಫ್ಯಾಕ್ಟರಿಗಳ ಬೆನ್ನಿಗಿದ್ದ ಮೈದಾನ, ಒಂದು ಬದಿಗೆ ನಾಲ್ಕು ಮೆಟ್ಟಿಲಿನ ಗ್ಯಾಲರಿ. ಬೇಲಿಯ ಹತ್ತಿರ ನನ್ನ ಮಗಳು ಹಳದಿ ಜಾಕೆಟ್ ಹಾಕಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಅವಳಮ್ಮ. ಮೈದಾನದ ಆಚೆ ಬದಿಯಿಂದ ಕೈ ಬೀಸಿದೆ. ಹೆಲ್ಮೆಟ್ ಹಾಕಿದ್ದೆ, ಗುರುತು ಸಿಕ್ಕಿತೋ ಇಲ್ಲವೋ.

ಬದಲಿ ಇಲ್ಲದ ಕಾರಣ ಪ್ರತಿ ಸಲವೂ ನಾವೇ ಐವರು. ನನ್ನ ಎದುರಿದ್ದವನು ಇಪ್ಪತ್ತರ ಹುಡುಗ, ಅವನು ದಣಿದಾಗಲೆಲ್ಲ ಇನ್ನೊಬ್ಬ ಬರುತ್ತಿದ್ದ. ವಿರಾಮದ ಹೊತ್ತಿಗೆ ನನ್ನ ತೊಡೆಗಳು ನಡುಗುತ್ತಿದ್ದವು. ಮೂರನೆಯ ಭಾಗದಲ್ಲಿ ದೂರದ ಎಸೆತಕ್ಕೆ ಸೂಚನೆ ಬಂತು. ಚೆಂಡು ಹಿಂದಕ್ಕೆ ಹೋಯಿತು. ಆ ಹುಡುಗ ಒಳಕ್ಕೆ ಬರುವವನಂತೆ ಒಂದು ಹೆಜ್ಜೆ ಇಟ್ಟು ಹೊರಕ್ಕೆ ಹಾರಿದ. ಏನು ಮಾಡಬೇಕೆಂದು ನನಗೆ ಗೊತ್ತಿತ್ತು, ಕಾಲು ಬರಲಿಲ್ಲ. ಅವನ ಅಂಗಿ ನನ್ನ ಬೆರಳಿಗೆ ತಾಗಿ ಜಾರಿತು. ಹಿಂದಿನಿಂದ ಬಂದ ಸದ್ದು ನನಗೆ ಕೇಳಿದ್ದು ಒಣಕೊಂಬೆ ಮುರಿದ ಹಾಗೆ.

ಚೆಂಡು ಅಷ್ಟರಲ್ಲಿ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಹೊರಟಿತ್ತು. ಆ ತುದಿಯಲ್ಲಿ ನಮ್ಮ ರಿಸೀವರ್ ಹಾರಿ ಅದನ್ನು ಹಿಡಿದ. ಇಡೀ ಮೈದಾನ ಕೂಗಿತು, ನಮ್ಮವರೆಲ್ಲ ಅತ್ತ ಓಡಿದರು. ಕ್ವಾರ್ಟರ್‌ಬ್ಯಾಕ್ ನೆಲದ ಮೇಲೆ ಬಲಭುಜವನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದ. ಅವನ ಹತ್ತಿರ ಇದ್ದವನು ನಾನೊಬ್ಬನೇ.

"ಹಿಡಿದನಾ?" ಅಂದ.

"ಹಿಡಿದ."

"ಸರಿ," ಅಂದು ಕಣ್ಣು ಮುಚ್ಚಿಕೊಂಡ.

ಪಂದ್ಯವನ್ನು ಸೋತೆವು. ಮುಗಿದ ಮೇಲೆ ಬೇಲಿಯ ಹತ್ತಿರ ಹೋದೆ. ಮಗಳು ನನ್ನ ಮಣ್ಣಾದ ಕೈಯನ್ನು ನೋಡಿದಳು, ಹಿಡಿದುಕೊಳ್ಳಲಿಲ್ಲ.

"ಕ್ಯಾಚ್ ನೋಡಿದ್ಯಾ?" ಎಂದು ಕೇಳಿದೆ.

"ನೋ. ಐ ವಾಸ್ ವಾಚಿಂಗ್ ಯೂ."

"ಆಗ ಮಾತ್ರನಾ?"

"ದ ಹೋಲ್ ಟೈಮ್. ಸೆವೆಂಟಿ ಟೂ." ಬೇಲಿಯನ್ನು ಹಿಡಿದುಕೊಂಡು ಕೇಳಿದಳು. "ಅಪ್ಪ, ಹೀ ವೆಂಟ್ ಪಾಸ್ಟ್ ಯೂ. ನಿಂಗೆ ಯಾಕೆ ಯಾರೂ ಹೆಲ್ಪ್ ಮಾಡ್ಲಿಲ್ಲ?"

"ಇನ್ನೊಬ್ಬರು ಇರಲಿಲ್ಲ ಪುಟ್ಟಾ," ಅಂದೆ. ಬೇಡ ಎಂದವನು ನಾನೇ ಎಂದು ಹೇಳಲು ಬಾಯಿ ಬರಲಿಲ್ಲ.

ಅವಳಮ್ಮ ನನ್ನ ಮುಖ ನೋಡುತ್ತಿದ್ದಳು. "ನಿನಗೇನೂ ಆಗಿಲ್ಲ ತಾನೆ? ಮನೆಗೆ ಬಂದು ಊಟ ಮಾಡ್ಕೊಂಡು ಹೋಗು, ಅಕ್ಕನೂ ಇರ್ತಾಳೆ," ಅಂದಳು.

"ಆಸ್ಪತ್ರೆಗೆ ಹೋಗ್ಬೇಕು."

"ಸರಿ ಹಾಗಾದ್ರೆ," ಅಂದಳು. ಇಬ್ಬರೂ ಕಾರಿನ ಕಡೆ ಹೋದರು.

ಆಸ್ಪತ್ರೆಯಲ್ಲಿ ಕ್ವಾರ್ಟರ್‌ಬ್ಯಾಕ್‌ನ ತೋಳನ್ನು ಜೋಳಿಗೆಗೆ ಹಾಕಿ ಕಟ್ಟಿದ್ದರು. ಕಾಲರ್‌ಬೋನ್ ಎರಡು ಕಡೆ ಮುರಿದಿತ್ತು. ಪ್ಲಂಬರ್‌ಗೆ ಬಲಗೈ ಇಲ್ಲದಿದ್ದರೆ ಕೆಲಸವೇ ಇಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತು ಶೆಡ್‌ನಲ್ಲಿ ಯಾಕೆ ಹಾಗೆ ಹೇಳಿದೆ ಎಂಬುದನ್ನು ಎಲ್ಲ ಹೇಳಿದೆ, ಮಗಳ ವಿಷಯವನ್ನೂ ಸೇರಿಸಿ. ಬೇಸರಪಟ್ಟುಕೊಂಡು ಬೈಯುತ್ತಾನೆ ಅಂದುಕೊಂಡಿದ್ದೆ.

"ನಾನೂ ರಿಸೀವರ್‌ಗೇ ಕೈ ಎತ್ತಿದ್ದೆ," ಅಂದ. "ಮರೆತ್ಯಾ? ಎಸೆಯೋನಿಗೆ ಹಿಡಿಯೋನೇ ಬೇಕು ಅನ್ನಿಸುತ್ತೆ." ಆಮೇಲೆ ಚಾವಣಿ ನೋಡುತ್ತ, "ಆದರೆ ನೀನು ಲೈನ್‌ಮನ್. ನಿನಗೆ ಗೊತ್ತಿರಬೇಕಿತ್ತು," ಅಂದ. ಕೋಪದಿಂದ ಹೇಳಲಿಲ್ಲ. ಅದಕ್ಕೇ ಇವತ್ತಿಗೂ ಆ ಮಾತು ನನ್ನನ್ನು ಬಿಟ್ಟಿಲ್ಲ.

ಸಿಡ್ನಿಗೆ ವಾಪಸಾಗುವ ವ್ಯಾನಿನಲ್ಲಿ ಕ್ಯಾಚಿನ ವಿಡಿಯೋ ಕೈಯಿಂದ ಕೈಗೆ ಹೋಯಿತು. ಅದರಲ್ಲಿ ಚೆಂಡು ಮಾತ್ರ ಕಾಣುತ್ತದೆ. ಟ್ರಕ್ ಡ್ರೈವರ್ ನನ್ನ ಮುಂದಿನ ಸೀಟಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದ. ಹತ್ತು ಗಂಟೆಯ ದಾರಿ. ಕ್ಷಮಿಸು ಎನ್ನಲು ಎರಡು ಸಲ ಮುಂದಕ್ಕೆ ಬಾಗಿದೆ. ಎರಡು ಸಲವೂ ಅವನು ನಿದ್ದೆ ಮಾಡುತ್ತಿದ್ದಾನೆ ಎಂದು ನನಗೆ ನಾನೇ ಹೇಳಿಕೊಂಡು ಹಿಂದಕ್ಕೆ ಒರಗಿದೆ.

ಉಳಿದ ಪಂದ್ಯಗಳನ್ನು ಬೇರೆಯವನು ಚೆಂಡು ಎಸೆಯುತ್ತಾ ಆಡಿ ಮುಗಿಸಿದೆವು, ಬಹುತೇಕ ಸೋಲುತ್ತಲೇ. ರಿಸೀವರ್ ಊರಿಗೆ ಹೋಗುವಾಗ ಎಲ್ಲರನ್ನೂ ಅಪ್ಪಿಕೊಂಡು ಅತ್ತ. ಮುಂದಿನ ವರ್ಷ ಕೋಚ್ ಹಟ ಹಿಡಿದು ಮೂವರು ಲೈನ್‌ಮನ್‌ಗಳನ್ನು ಹುಡುಕಿ ತಂದರಂತೆ. ಅಷ್ಟು ಹೊತ್ತಿಗೆ ನಾನು ಸಿಡ್ನಿಯಲ್ಲಿರಲಿಲ್ಲ. ಮನೆಯಿಂದಲೇ ಮಾಡುವ ಕೆಲಸವನ್ನು ಮೆಲ್ಬರ್ನ್‌ನಿಂದ ಯಾಕೆ ಮಾಡಬಾರದು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಡ್ಯಾಂಡಿನಾಂಗ್‌ನಲ್ಲಿ ಒಂದು ಬೆಡ್‌ರೂಮಿನ ಯುನಿಟ್ ಸಿಕ್ಕಿತು. ಇಲ್ಲಿ ಯಾವ ತಂಡಕ್ಕೂ ಸೇರಿಲ್ಲ. ಕ್ವಾರ್ಟರ್‌ಬ್ಯಾಕ್ ಕೆಲಸಕ್ಕೆ ಮರಳಿದ್ದಾನೆ, ಆಟ ಬಿಟ್ಟ. ಕ್ರಿಸ್‌ಮಸ್‌ಗೆ ಒಂದು ಸಂದೇಶ ಕಳಿಸುತ್ತಾನೆ. ನಾನು ಉದ್ದದ ಉತ್ತರ ಬರೆದು, ಅಳಿಸಿ, ಚಿಕ್ಕದೊಂದು ಕಳಿಸುತ್ತೇನೆ.

ಶನಿವಾರ ಮಗಳು ಬರುತ್ತಾಳೆ. ಮಾರ್ಕೆಟ್‌ನಿಂದ ಮಾವಿನಹಣ್ಣು ತರುತ್ತೇವೆ, ದೋಸೆ ಹುಯ್ಯುತ್ತೇವೆ. ಅವಳ ದೋಸೆ ನನ್ನದಕ್ಕಿಂತ ತೆಳ್ಳಗೆ ಬರುತ್ತದೆ. ಸಂಜೆ ನಾಲ್ಕಕ್ಕೆ ಅವಳನ್ನು ಬಿಡಲು ಹೊರಡುತ್ತೇನೆ. ಡ್ಯಾಂಡಿನಾಂಗ್‌ನಿಂದ ಸಿಟಿಗೆ ಒಂದು ಟ್ರೈನು, ಅಲ್ಲಿ ಇಳಿದು ಕ್ರೇಗಿಬರ್ನ್‌ಗೆ ಇನ್ನೊಂದು. ಅವಳು ನನ್ನ ತೋಳಿಗೆ ಒರಗಿ ಪುಸ್ತಕ ಓದುತ್ತಾಳೆ, ನಾನು ತೋಳು ಅಲ್ಲಾಡಿಸದೆ ಕೂತಿರುತ್ತೇನೆ. ಕ್ರೇಗಿಬರ್ನ್ ಕೊನೆಯ ಸ್ಟೇಷನ್. ಅವಳಮ್ಮ ಕಾರಿನಲ್ಲಿ ಕಾಯುತ್ತಿರುತ್ತಾಳೆ, ಒಳಗಿಂದಲೇ ಕೈ ಎತ್ತುತ್ತಾಳೆ. ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಪ್ಲಾಟ್‌ಫಾರ್ಮಿಗೆ ವಾಪಸು ಬರುತ್ತೇನೆ. ಬಂದ ಟ್ರೈನೇ ಅಲ್ಲಿ ಬಾಗಿಲು ತೆರೆದುಕೊಂಡು ನಿಂತಿರುತ್ತದೆ. ಬೋಗಿ ತುಂಬ ಖಾಲಿ ಸೀಟುಗಳು. ಯಾವುದಾದರೊಂದರಲ್ಲಿ ಕೂರುತ್ತೇನೆ.