ತಂಗಿಗೆ ಕೇಳಿಸಿದ್ದು

ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಚರ್ಚಿನ ಸಭೆಯ ಹಿರಿಯರೊಬ್ಬರು ಬೆಟಗೇರಿಯ ನಮ್ಮ ಮನೆಗೆ ಬಂದರು. ಕುಳಿತವರೇ ನನ್ನ ತಂಗಿಯ ಮದುವೆಯ ಮಾತೆತ್ತಿದರು.

"ಲಕ್ಷ್ಮೇಶ್ವರದಾಗ ನನ್ನ ತಮ್ಮ ಅದಾನ. ಹೆಂಡ್ತಿ ತೀರಿಕೊಂಡು ವರ್ಷ ಆತು. ಇಕಿನ್ನ ಅವಗ ಕೊಡ್ರಿ ಅಂತ ದೇವರು ನನಗ ಹೇಳ್ಯಾನ."

ಅವ್ವ ಆಗಲೇ "ಆಮೆನ್" ಎಂದುಬಿಟ್ಟಳು. ನನ್ನ ಮೈ ಉರಿಯಿತು. ಮುಂಡರಗಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ತಂಗಿ ಮಾತ್ರ ಸಮಾಧಾನದಿಂದ, "ನಾನೂ ದೇವರನ್ನ ಕೇಳ್ತೀನ್ರಿ, ಒಂದು ವಾರ ಬಿಡ್ರಿ" ಎಂದಳು.

ಆ ವಾರವೆಲ್ಲ ಅವಳು ಬಸ್ಸಿಗೆ ಹೋಗುವ ಮುಂಚೆ ಮೊಣಕಾಲೂರಿ ಪ್ರಾರ್ಥಿಸಿದಳು. ಹಿರಿಯರು ಮತ್ತೆ ಬಂದಾಗ ಮೆಲ್ಲಗೆ ಹೇಳಿದಳು: "ಬ್ಯಾಡ ಅಂತ ನನಗ ಖಾತ್ರಿ ಆಗೇತ್ರಿ."

ಅವರು ನಕ್ಕರು. "ಅದು ದೇವರ ದನಿ ಅಲ್ಲವ್ವ, ನಿನ್ನ ಮನಸಿಂದು."

"ಹಂಗಾದ್ರ ನಿಮಗ ಕೇಳಿಸಿದ್ದು ಯಾರ ಮನಸಿಂದ್ರಿ?" ಎಂದು ನಾನು ಕೂಗಿದೆ. "ನಿಮ್ಮ ತಮ್ಮನ ಮನ್ಯಾಗ ರೊಟ್ಟಿ ಬಡಿಯೋರಿಲ್ಲ. ಅದಕ್ಕ ದೇವರ ಹೆಸರು ಯಾಕ ಹೇಳ್ತೀರಿ?"

ಅವರು ದಡಕ್ಕನೆ ಎದ್ದು ಹೋದರು. ಮದುವೆ ನಡೆಯಲಿಲ್ಲ. ಆದರೆ ಸಭೆಯವರು ತಂಗಿಯನ್ನು ಹಟಮಾರಿ ಎಂದರು, ಆ ಹಿರಿಯರನ್ನು ಯಾರೂ ಒಂದು ಮಾತೂ ಕೇಳಲಿಲ್ಲ. ಪ್ರಾರ್ಥಿಸಿದ ಹುಡುಗಿಯ ಕಿವಿ ಸುಳ್ಳು, ಗಂಡಸಿನ ಕಿವಿ ಖರೆ!

ದೇವರು ಮಾತಾಡುತ್ತಾನೆಂದು ನಾನೂ ನಂಬುತ್ತೇನೆ. ಅದಕ್ಕೇ ಈ ಸಿಟ್ಟನ್ನು ದಿನಾಲೂ ಅವನ ಮುಂದಿಡುತ್ತೇನೆ. ಬಿಟ್ಟುಬಿಡು ಎಂದು ಅವನು ಇನ್ನೂ ಹೇಳಿಲ್ಲ.