ಬೆಣಚುಕಲ್ಲಿಗೆ ಇಟ್ಟ ಕುಂಕುಮ

ಎಂಬತ್ತರ ದಶಕದ ಕೊನೆಯಲ್ಲಿ, ಮದುವೆಯಾಗಿ ನಾನು ವಿಜಯವಾಡಕ್ಕೆ ಬಂದಾಗ, ಆ ಮನೆಯಲ್ಲಿ ಮಾವನವರದು ಎನ್ನಲು ಇದ್ದದ್ದು ಒಂದು ಕಲ್ಲು. ತೆಂಗಿನಕಾಯಿ ಗಾತ್ರದ ಬಿಳಿ ಬೆಣಚುಕಲ್ಲು. ಮೈತುಂಬ ಹಿತ್ತಾಳೆಯಂತೆ ಹೊಳೆಯುವ ಚೌಕ ಚೌಕ ಹರಳುಗಳು. ಅವರು ಕೋಲಾರದ ಕಡೆಯ ಚಿನ್ನದ ಗಣಿಯಲ್ಲಿ ಮೂವತ್ತು ವರ್ಷ ನೆಲದಡಿ ಬಂಡೆ ಕೊರೆದವರು. ಕೊನೆಯ ದಿನ ಅದನ್ನು ಹೊತ್ತು ತಂದಾಗ ಗೇಟಿನಲ್ಲಿ ಕಾವಲಿನವರು ತಿರುಗಿಸಿ ನೋಡಿ, ಇದು ಚಿನ್ನವಲ್ಲ, ಕಬ್ಬಿಣ ಗಂಧಕ ಸೇರಿದ ಪೈರೈಟ್ ಎಂದು ಬಿಟ್ಟರಂತೆ.

ಬ್ಯಾಂಕಿನಲ್ಲಿ ಆಫೀಸರಾಗಿದ್ದ ನನ್ನ ಗಂಡ ಮಾತ್ರ ಮನೆಗೆ ಬಂದವರಿಗೆಲ್ಲ "ಅಪ್ಪ ಗಣಿ ಆಫೀಸಿನಲ್ಲಿದ್ದರು" ಎನ್ನುತ್ತಿದ್ದರು. ಮಾವ ಕೆಮ್ಮುತ್ತ ಒಳಗೆ ಹೋಗುತ್ತಿದ್ದರು.

ನನ್ನದು ಮೊದಲಿಂದಲೂ ಕೈ ಸುಮ್ಮನಿರದ ಬುದ್ಧಿ. ಆಯುಧಪೂಜೆಯ ದಿನ ಸ್ಕೂಟರು, ಹೊಲಿಗೆ ಯಂತ್ರ, ಈಳಿಗೆಮಣೆ ಎಲ್ಲ ತೊಳೆದವಳು ಆ ಕಲ್ಲನ್ನೂ ಬಚ್ಚಲಿಗೆ ಒಯ್ದು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕುಂಕುಮ ಇಟ್ಟು ಸಾಲಿನ ಕೊನೆಯಲ್ಲಿ ಕೂರಿಸಿದೆ. ಮಾವ ಬಾಗಿಲಲ್ಲಿ ನಿಂತು ನೋಡಿದರು, ಏನೂ ಅನ್ನಲಿಲ್ಲ. ಮುಂದೆ ವರ್ಷ ವರ್ಷವೂ ಹಾಗೇ ನಡೆಯಿತು.

ನಾಲ್ಕು ವರ್ಷವಾದ ಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಬಂದರಿನ ಹತ್ತಿರದ ಮನೆ. ಡಬ್ಬಿಯೊಳಗಿನ ಉಪ್ಪೂ ನೀರಾಗುವಂಥ ಗಾಳಿ. ಅಷ್ಟರಲ್ಲಿ ಮಾವ ಹಾಸಿಗೆ ಹಿಡಿದಿದ್ದರು. ಒಂದು ಬೆಳಿಗ್ಗೆ ಕಲ್ಲನ್ನು ಎತ್ತಿದರೆ ಹರಳುಗಳು ಬಿರಿದು ಪುಡಿಪುಡಿಯಾಗಿ ಉದುರಿದವು. ಗಂಧಕದ ಘಾಟು ಮೂಗಿಗೆ ಬಡಿಯಿತು. ಕೆಳಗೆ ಹಾಸಿದ್ದ ಪೇಪರು ಸುಟ್ಟ ಹಾಗೆ ತೂತಾಗಿತ್ತು. ಮೇಲಿನ ಮನೆಯ ಕಾಲೇಜು ಮೇಷ್ಟ್ರನ್ನು ಕೇಳಿದೆ. ಇಂಥ ಹರಳಿಗೆ ನೀರು ಸೋಕಿಸಲೇಬಾರದು, ಒಳಗಿಂದ ತಿಂದುಹಾಕುತ್ತದೆ ಎಂದರು.

ಆ ಮುದುಕರಿಗೆ ಮೂವತ್ತು ವರ್ಷದ ದುಡಿಮೆಗೆ ಉಳಿದಿದ್ದುದೇ ಅಷ್ಟು. ಅದನ್ನೂ ಕೈಯಾರೆ ಹಾಳುಮಾಡಿದ್ದೆ. ಎರಡು ದಿನ ಬಟ್ಟೆಯಲ್ಲಿ ಸುತ್ತಿ ಮುಚ್ಚಿಟ್ಟೆ. ಮೂರನೆಯ ದಿನ ಗಂಜಿ ಕುಡಿಸುತ್ತ ಹೇಳಿಬಿಟ್ಟೆ.

"ಮಾವ, ನಿಮ್ಮ ಕಲ್ಲು ನನ್ನಿಂದ ಹಾಳಾಯ್ತು. ತೊಳೀಬಾರದಿತ್ತಂತೆ. ನನಗೆ ಗೊತ್ತಿರಲಿಲ್ಲ."

"ನಂಗೊತ್ತಿತ್ತು ಕಣಮ್ಮ."

"ಅಯ್ಯೋ! ಮತ್ತೆ ಒಂದು ಮಾತು ಹೇಳಬಾರದಿತ್ತಾ?"

ಮಾವ ಕೆಮ್ಮಿ ಉಸಿರು ತಂದುಕೊಂಡರು. "ಹೆಂಗಮ್ಮ ಹೇಳ್ಲಿ? ನನ್ ಕೆಲ್ಸ ಅಂದ್ರೆ ನನ್ ಮಗನ್ಗೇ ನಾಚ್ಕೆ. ನೀನೊಬ್ಳು ಅದಕ್ಕೆ ಕುಂಕುಮ ಇಟ್ಟೆ. ಕಲ್ಲು ಹೋದ್ರೆ ಹೋಗ್ಲಿ ಅಂದ್ಕೊಂಡೆ" ಎಂದರು.

ಆ ಮೊದಲ ಪೂಜೆಯ ದಿನ ಅವರ ಗಣಿಯಾಗಲಿ ದುಡಿಮೆಯಾಗಲಿ ನನ್ನ ತಲೆಗೆ ಬಂದೇ ಇರಲಿಲ್ಲ. ಎಲ್ಲಕ್ಕೂ ಇಟ್ಟು ಮುಗಿದ ಮೇಲೆ ಬೆರಳಲ್ಲಿ ಒಂದಿಷ್ಟು ಕುಂಕುಮ ಮಿಕ್ಕಿತ್ತು, ಕಲ್ಲಿಗೂ ಇಟ್ಟಿದ್ದೆ. ಇದನ್ನು ಅವರಿಗೆ ಹೇಳಲು ನನ್ನಿಂದ ಆಗಲಿಲ್ಲ. ಆ ಮಳೆಗಾಲ ಮುಗಿಯುವ ಮೊದಲೇ ಮಾವ ಹೋಗಿಬಿಟ್ಟರು.